ಅಂತಾರಾಷ್ಟ್ರೀಯ ಬ್ಯಾಂಕ್ ಖಾತೆ ಸಂಖ್ಯೆ (ಐಬಿಎಎನ್): ರಚನೆ ಮತ್ತು ಪರಿಶೀಲನೆ

ವಿದೇಶದ ಬ್ಯಾಂಕ್ ಖಾತೆಗೆ ಹಣ ರವಾನಿಸುವ ಅಥವಾ ಅರ್ಜಿ ನಮೂನೆಯಲ್ಲಿ ಅಂತಹ ಖಾತೆಯ ವಿವರಗಳನ್ನು ನಮೂದಿಸುವ ನಾಗರಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಐಬಿಎಎನ್ ಎಂದರೇನು?

ಖಾತೆ ಇರುವ ದೇಶ, ಬ್ಯಾಂಕ್ ಹಾಗೂ ಖಾತೆಯನ್ನು ಒಟ್ಟಾಗಿ ಗುರುತಿಸುವ ಸಂಖ್ಯೆಯೇ ಐಬಿಎಎನ್. ಐಎಸ್ಒ 13616 ಮಾನಕದ ಪ್ರಕಾರ ಇದರಲ್ಲಿ ಗರಿಷ್ಠ 34 ಅಕ್ಷರ ಮತ್ತು ಅಂಕಿಗಳಿರಬಹುದು. ಪ್ರತಿಯೊಂದು ದೇಶಕ್ಕೂ ಉದ್ದವು ನಿಗದಿಯಾಗಿರುತ್ತದೆ: ನಾರ್ವೆ 15, ಜರ್ಮನಿ ಮತ್ತು ಬ್ರಿಟನ್ 22, ಸಂಯುಕ್ತ ಅರಬ್ ಎಮಿರೇಟ್ಸ್ (ಯುಎಇ) 23, ಸೌದಿ ಅರೇಬಿಯಾ 24, ಕತಾರ್ 29, ಕುವೈತ್ 30.

ರಚನೆ

ಯುಎಇಯ ಮಾದರಿ ಸಂಖ್ಯೆ: ಎಇ07 0331 2345 6789 0123 456

1. ಎಇ – ದೇಶದ ಸಂಕೇತ
2. 07 – ಪರಿಶೀಲನಾ ಅಂಕಿಗಳು
3. 033 – ಬ್ಯಾಂಕಿನ ಸಂಕೇತ
4. ಉಳಿದ 16 ಅಂಕಿಗಳು – ಖಾತೆ ಸಂಖ್ಯೆ

ನಮೂನೆಯಲ್ಲಿ ಅಕ್ಷರಗಳನ್ನು ಇಂಗ್ಲಿಷ್‌ನ ದೊಡ್ಡ ಅಕ್ಷರಗಳಲ್ಲಿಯೇ ಬರೆಯತಕ್ಕದ್ದು. ನಡುವಿನ ತೆರಪು ಓದುವ ಅನುಕೂಲಕ್ಕಾಗಿ ಮಾತ್ರ ಇರುತ್ತದೆ.

ಪರಿಶೀಲಿಸುವ ವಿಧಾನ

1. ಒಟ್ಟು ಉದ್ದವು ಆ ದೇಶಕ್ಕೆ ನಿಗದಿಯಾದಷ್ಟೇ ಇದೆಯೇ ಎಂದು ಎಣಿಸಿ.
2. ಮೊದಲ ನಾಲ್ಕು ಸ್ಥಾನಗಳನ್ನು ಕೊನೆಗೆ ವರ್ಗಾಯಿಸಿ.
3. ಇಂಗ್ಲಿಷ್ ಅಕ್ಷರಗಳಿಗೆ ಕ್ರಮವಾಗಿ ಎ = 10, ಬಿ = 11, ಹೀಗೆ ಜೆಡ್ = 35ರವರೆಗೆ ಬೆಲೆ ನೀಡಿ. ಮೇಲಿನ ಮಾದರಿಯು ಆಗ 0331234567890123456101407 ಆಗುತ್ತದೆ.
4. ಇದನ್ನು 97ರಿಂದ ಭಾಗಿಸಿ. ಶೇಷ 1 ಬರಬೇಕು.

ಸಾಮಾನ್ಯ ಕ್ಯಾಲ್ಕುಲೇಟರಿನಲ್ಲಿ ಇಷ್ಟು ದೊಡ್ಡ ಸಂಖ್ಯೆ ಹಿಡಿಯದಿದ್ದಲ್ಲಿ ಭಾಗ ಭಾಗವಾಗಿ ಲೆಕ್ಕ ಮಾಡಬಹುದು. ಪ್ರತಿ ಸಲ ಬಂದ ಶೇಷವನ್ನು ಮುಂದಿನ ಅಂಕಿಗಳ ಹಿಂದೆ, ಅಂದರೆ ಅವುಗಳ ಎಡಕ್ಕೆ, ಸೇರಿಸಬೇಕು:

033123456 – ಶೇಷ 90
907890123 – ಶೇಷ 96
964561014 – ಶೇಷ 95
9507 – ಶೇಷ 1

ಮಾದರಿಯ ಕೊನೆಯ 56 ಅನ್ನು ತಪ್ಪಾಗಿ 65 ಎಂದು ಬರೆದಲ್ಲಿ ಶೇಷ 50 ಬರುತ್ತದೆ. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಭಿನ್ನ ಅಂಕಿಗಳು ಅದಲುಬದಲಾದರೂ ಈ ಲೆಕ್ಕದಿಂದ ಪತ್ತೆಯಾಗುತ್ತದೆ.

ವಿಶೇಷ ಸೂಚನೆ

ಶೇಷ 1 ಬಂದ ಮಾತ್ರಕ್ಕೆ ಖಾತೆಯು ಅಸ್ತಿತ್ವದಲ್ಲಿದೆ ಅಥವಾ ಅದು ಉದ್ದೇಶಿತ ವ್ಯಕ್ತಿಯದೇ ಆಗಿದೆ ಎಂದು ಭಾವಿಸತಕ್ಕದ್ದಲ್ಲ. ಬರವಣಿಗೆಯಲ್ಲಿ ತಪ್ಪಿಲ್ಲವೆಂಬುದನ್ನು ಮಾತ್ರ ಇದು ಸೂಚಿಸುತ್ತದೆ. ವಂಚಕರು ನೀಡುವ ಖಾತೆ ಸಂಖ್ಯೆಯೂ ಲೆಕ್ಕಕ್ಕೆ ಸರಿಹೊಂದುತ್ತದೆ. ಆದುದರಿಂದ, ವಿಶೇಷವಾಗಿ ಇ-ಮೇಲ್ ಮೂಲಕ ಹೊಸ ಖಾತೆಯ ವಿವರ ಬಂದಾಗ, ಮೊದಲೇ ಪರಿಚಿತವಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಂಡ ನಂತರವೇ ಹಣ ಪಾವತಿಸುವುದು.

ಭಾರತದ ಖಾತೆಗಳು

ಭಾರತದ ಬ್ಯಾಂಕ್ ಖಾತೆಗಳಿಗೆ ಐಬಿಎಎನ್ ಇರುವುದಿಲ್ಲ. ಕೊಲ್ಲಿ ರಾಷ್ಟ್ರಗಳಲ್ಲಿ ಅಥವಾ ಯುರೋಪಿನಲ್ಲಿ ನೆಲೆಸಿರುವ ಕುಟುಂಬದವರು ಊರಿಗೆ ಹಣ ಕಳುಹಿಸುವಾಗ ಐಬಿಎಎನ್ ಕೇಳಿದಲ್ಲಿ, ಖಾತೆದಾರರ ಹೆಸರು, ಖಾತೆ ಸಂಖ್ಯೆ, ಬ್ಯಾಂಕಿನ ಸ್ವಿಫ್ಟ್ ಸಂಕೇತ ಹಾಗೂ ಶಾಖೆಯ 11 ಸ್ಥಾನಗಳ ಐಎಫ್‌ಎಸ್‌ಸಿ ಸಂಕೇತವನ್ನು ನೀಡುವುದು. ಭಾರತದ ಖಾತೆಗೆ ಐಬಿಎಎನ್ ಮಾಡಿಕೊಡುವುದಾಗಿ ಹೇಳಿ ಯಾರಾದರೂ ಶುಲ್ಕ ಕೇಳಿದಲ್ಲಿ ಪಾವತಿಸಬಾರದು. ಹೆಚ್ಚಿನ ವಿವರಗಳಿಗೆ ತಮ್ಮ ಬ್ಯಾಂಕ್ ಶಾಖೆಯನ್ನು ಸಂಪರ್ಕಿಸಬಹುದಾಗಿದೆ.