ಸೈರನ್ನಿನ ಕೂಗು ಮತ್ತು ಅದರ ಅರ್ಥ

ಶಾಸನ, ನಾಣ್ಯ, ಕಡತ, ಪ್ರವಾಸಿಗಳ ಬರಹ ಇವು ಚರಿತ್ರೆಯ ಆಧಾರಗಳೆಂದು ನಾವು ತರಗತಿಗಳಲ್ಲಿ ಪಾಠ ಹೇಳುತ್ತೇವೆ. ಕಣ್ಣಿಗೆ ಕಾಣುವ ಆಧಾರಗಳಿಗೆ ದೊರೆತಿರುವ ಮನ್ನಣೆ ಕಿವಿಗೆ ಕೇಳುವ ಆಧಾರಗಳಿಗೆ ಇನ್ನೂ ದೊರೆತಿಲ್ಲ. ಇಪ್ಪತ್ತನೆಯ ಶತಮಾನದ ನಗರಜೀವನವನ್ನು ಕುರಿತು ಬರೆಯುವವರು ಯುದ್ಧಕಾಲದ ಸೈರನ್ನನ್ನು ಒಂದು ವಾಕ್ಯದಲ್ಲಿ ಹೆಸರಿಸಿ ಮುಂದೆ ಸಾಗುವುದೇ ಹೆಚ್ಚು. ಆ ಯಂತ್ರ ಎಂಥದು, ಅದರ ಸ್ವರ ಯಾವುದು, ಆ ಸ್ವರಕ್ಕೆ ಯಾರು ಯಾವ ಅರ್ಥವನ್ನು ಕೊಟ್ಟರು ಎಂಬ ಪ್ರಶ್ನೆಗಳನ್ನು ಎತ್ತುವವರು ವಿರಳ. ಪಾಶ್ಚಾತ್ಯ ದೇಶಗಳಲ್ಲಿ, ವಿಶೇಷವಾಗಿ ಅಮೆರಿಕ ಮತ್ತು ಬ್ರಿಟನ್ನುಗಳಲ್ಲಿ, ಈ ಕೆಲಸವನ್ನು ವಿದ್ವಾಂಸರಿಗಿಂತ ಹೆಚ್ಚಾಗಿ ಹವ್ಯಾಸಿಗಳು ಕೈಗೊಂಡಿದ್ದಾರೆ. ಅವರ ಶ್ರಮದಿಂದ ಚರಿತ್ರಕಾರನಿಗೆ ದೊರೆತದ್ದೇನು, ಇನ್ನೂ ದೊರೆಯದೆ ಉಳಿದದ್ದೇನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಸೈರನ್ನು ಹುಟ್ಟಿದ್ದು ಅಪಾಯವನ್ನು ಸಾರುವುದಕ್ಕಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಭೌತವಿಜ್ಞಾನಿ ಜಾನ್ ರಾಬಿಸನ್ ಗಾಳಿಯ ಕೊಳವೆಯೊಂದನ್ನು ಬೇಗಬೇಗನೆ ತೆರೆದು ಮುಚ್ಚುವುದರಿಂದ ಸ್ವರ ಹುಟ್ಟುವುದನ್ನು ತೋರಿಸಿದನು. 1819ರಲ್ಲಿ ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್ ಎಂಬವನು ರಂಧ್ರಗಳುಳ್ಳ ಎರಡು ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸಿ ಉತ್ತಮವಾದ ಉಪಕರಣವನ್ನು ನಿರ್ಮಿಸಿದನು. ಅದು ನೀರಿನೊಳಗೂ ಧ್ವನಿ ಮಾಡುತ್ತಿದ್ದುದರಿಂದ ಗ್ರೀಕ್ ಪುರಾಣದ ಸಮುದ್ರಗಾಯಕಿಯರ ಹೆಸರನ್ನು ಅದಕ್ಕೆ ಇಟ್ಟನು. ಹಾಡಿನಿಂದ ನಾವಿಕರನ್ನು ಮೃತ್ಯುವಿನ ಕಡೆಗೆ ಸೆಳೆದವರ ಹೆಸರು, ಮೃತ್ಯುವಿನಿಂದ ದೂರ ಹೋಗಿರೆಂದು ಕೂಗುವ ಯಂತ್ರಕ್ಕೆ ಬಂದದ್ದು ವಿಚಿತ್ರವೇ ಸರಿ. ಬಹುಕಾಲ ಈ ಉಪಕರಣವು ಸ್ವರಗಳ ಕಂಪನಸಂಖ್ಯೆಯನ್ನು ಅಳೆಯುವ ಸಾಧನವಾಗಿ ಪ್ರಯೋಗಶಾಲೆಯಲ್ಲಿಯೇ ಉಳಿಯಿತು. ಹೆಲ್ಮ್‌ಹೋಲ್ಟ್ಸ್‌ನು ತನ್ನ ಸ್ವರಶಾಸ್ತ್ರದ ಸಂಶೋಧನೆಗಳಲ್ಲಿ ಜೋಡಿ ಸೈರನ್ನನ್ನು ಬಳಸಿದನು. 1873ರಲ್ಲಿ ಜಾನ್ ಟಿಂಡಲ್ ಡೋವರ್ ಬಳಿಯ ಸೌತ್ ಫೋರ್‌ಲೆಂಡಿನಲ್ಲಿ ಫಿರಂಗಿ, ಕೊಂಬು, ಸೀಟಿಗಳೊಡನೆ ಅಮೆರಿಕದಿಂದ ತರಿಸಿದ ಉಗಿಯ ಸೈರನ್ನನ್ನೂ ಪರೀಕ್ಷೆಗೆ ಒಡ್ಡಿದನು. ಮಂಜು ಕವಿದಾಗ ಹಡಗುಗಳನ್ನು ಎಚ್ಚರಿಸಲು ಅದರ ಸಾಮರ್ಥ್ಯವೇ ಮಿಗಿಲೆಂದು ಕಂಡುಬಂದಿತು. ಅಲ್ಲಿಂದ ಮುಂದೆ ಈ ಯಂತ್ರ ವಿಜ್ಞಾನಿಯ ಮೇಜಿನಿಂದ ಸಾರ್ವಜನಿಕ ಜೀವನಕ್ಕೆ ಬಂದಿತೆನ್ನಬಹುದು.

ವಿದ್ಯುತ್ ಮೋಟಾರು ಬಳಕೆಗೆ ಬಂದ ಮೇಲೆ ಸೈರನ್ನು ಊರಿನ ಮಾಳಿಗೆಗಳನ್ನು ಏರಿತು. ಅದರ ರಚನೆ ಸರಳವಾದುದು. ಸುತ್ತಲೂ ಕಿಂಡಿಗಳುಳ್ಳ ಸ್ಥಿರವಾದ ಒಂದು ಪೀಪಾಯಿಯೊಳಗೆ ಕಿಂಡಿಗಳೇ ಉಳ್ಳ ಇನ್ನೊಂದು ಪೀಪಾಯಿ ತಿರುಗುತ್ತದೆ. ಒಳಗಿನದು ನಡುವಿನಿಂದ ಗಾಳಿಯನ್ನು ಸೆಳೆದು ಹೊರಕ್ಕೆ ಚಿಮ್ಮುತ್ತದೆ. ಕಿಂಡಿಗೆ ಕಿಂಡಿ ಕೂಡಿದಾಗ ಗಾಳಿ ಹೊರಬೀಳುತ್ತದೆ, ತಪ್ಪಿದಾಗ ತಡೆಯುತ್ತದೆ. ಕಿಂಡಿಗಳ ಸಂಖ್ಯೆಯನ್ನು ಸೆಕೆಂಡಿನ ಸುತ್ತುಗಳಿಂದ ಗುಣಿಸಿದರೆ ಸ್ವರದ ಕಂಪನಸಂಖ್ಯೆ ದೊರೆಯುತ್ತದೆ. ನಿಮಿಷಕ್ಕೆ 2,800 ಸುತ್ತು ತಿರುಗುವ ಯಂತ್ರದಲ್ಲಿ 10 ಕಿಂಡಿಗಳ ಒಂದು ಸಾಲು, 12 ಕಿಂಡಿಗಳ ಇನ್ನೊಂದು ಸಾಲು ಇದ್ದರೆ ಸುಮಾರು 467 ಮತ್ತು 560 ಕಂಪನಗಳ ಎರಡು ಸ್ವರಗಳು ಒಟ್ಟಿಗೆ ಏಳುತ್ತವೆ. ಇವುಗಳ ಪ್ರಮಾಣ 5ಕ್ಕೆ 6. ನಮ್ಮ ಸಂಗೀತದ ಪರಿಭಾಷೆಯಲ್ಲಿ ಷಡ್ಜಕ್ಕೂ ಸಾಧಾರಣ ಗಾಂಧಾರಕ್ಕೂ ಇರುವ ಅಂತರ. ಯುದ್ಧಕಾಲದ ಬ್ರಿಟಿಷ್ ಸೈರನ್ನಿನ ಶೋಕಧ್ವನಿಗೆ ಈ ಅಂತರವೇ ಕಾರಣ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಗಮನಿಸಬೇಕು. ಭಾರವಾದ ಚಕ್ರವು ಒಮ್ಮೆಗೇ ವೇಗವನ್ನು ಪಡೆಯಲಾರದು, ಒಮ್ಮೆಗೇ ನಿಲ್ಲಲಾರದು. ಆದುದರಿಂದ ಸ್ವರವು ತಗ್ಗಿನಿಂದ ಮೆಲ್ಲಮೆಲ್ಲನೆ ಏರಿ, ವಿದ್ಯುತ್ತನ್ನು ಕಡಿದಾಗ ಮೆಲ್ಲಮೆಲ್ಲನೆ ಇಳಿಯುತ್ತದೆ. ಯಂತ್ರವನ್ನು ನಡೆಸುವವನು ಮಾಡಬಹುದಾದವು ಮುಖ್ಯವಾಗಿ ಎರಡೇ: ಒಂದೇ ಸಮನೆ ಓಡಿಸುವುದು, ಇಲ್ಲವೆ ಬಿಟ್ಟು ಬಿಟ್ಟು ಓಡಿಸಿ ಏರಿಳಿಸುವುದು. ಅಂತು, ಸೈರನ್ನಿನ ಭಾಷೆಯಲ್ಲಿ ಇರುವುದು ಎರಡು ಪದಗಳು ಮಾತ್ರ. ಇಷ್ಟು ಬಡವಾದ ನಿಘಂಟಿನಿಂದ ಬೆಂಕಿ, ಬಾಂಬು, ಸುಂಟರಗಾಳಿ, ಪ್ರವಾಹ ಎಲ್ಲವನ್ನೂ ಹೇಳಿಸಲು ಸರ್ಕಾರಗಳು ಯತ್ನಿಸಿದವು.

ಮೊದಲನೆಯ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಜರ್ಮನ್ ವಿಮಾನಗಳು ಬಂದಾಗ ಪೊಲೀಸರು ಫಲಕಗಳನ್ನು ತೊಟ್ಟು ಸೈಕಲ್ ಏರಿ ಬೀದಿಬೀದಿ ಸುತ್ತುತ್ತಿದ್ದರು. ಅಪಾಯ ಕಳೆಯಿತೆಂದು ಸಾರಲು ಬಾಲಚರರು ಕಹಳೆ ಊದುತ್ತಿದ್ದರು. ಎರಡನೆಯ ಯುದ್ಧದ ವೇಳೆಗೆ ಈ ಕೆಲಸವೆಲ್ಲ ಸೈರನ್ನಿನ ಪಾಲಾಯಿತು. 1939ರ ಸೆಪ್ಟೆಂಬರ್ 3ರಂದು ಪ್ರಧಾನಿ ಚೇಂಬರ್ಲೇನ್ ಯುದ್ಧಘೋಷಣೆಯನ್ನು ಬಾನುಲಿಯಲ್ಲಿ ಪ್ರಕಟಿಸಿದ ಕೆಲವೇ ನಿಮಿಷಗಳಲ್ಲಿ ಲಂಡನ್ನಿನಲ್ಲಿ ಅದು ಕೂಗಿತು. ಅದು ಸುಳ್ಳು ಎಚ್ಚರಿಕೆಯಾಗಿತ್ತು. ಅನಂತರ ಬಂದ ಶೀತಲ ಸಮರದ ಕಾಲ ದೈತ್ಯ ಸೈರನ್ನುಗಳ ಕಾಲ. 1952ರಲ್ಲಿ ಅಮೆರಿಕದ ಕ್ರೈಸ್ಲರ್ ಸಂಸ್ಥೆ 180 ಅಶ್ವಶಕ್ತಿಯ ಎಂಟು ಸಿಲಿಂಡರುಗಳ ಮೋಟಾರು ಎಂಜಿನ್ನಿನಿಂದ ನಡೆಯುವ ಸೈರನ್ನನ್ನು ತಯಾರಿಸಿತು. ನೂರು ಅಡಿ ದೂರದಲ್ಲಿ ಅದರ ಧ್ವನಿ 138 ಡೆಸಿಬೆಲ್. ಅದೇ ವರ್ಷ ಷಿಕಾಗೋದ ಫೆಡರಲ್ ಸಂಸ್ಥೆಯ ಥಂಡರ್‌ಬೋಲ್ಟ್ ಹೊರಬಂದಿತು. ಪ್ರತ್ಯೇಕ ಯಂತ್ರವೊಂದು ಒತ್ತಿ ತುಂಬುವ ಗಾಳಿಯಿಂದ ಕೂಗುತ್ತ ಅದರ ಕೊಂಬು ಸುತ್ತಲೂ ತಿರುಗುತ್ತಿತ್ತು.

ಶೀತಲ ಸಮರ ಮುಗಿದಾಗ ಇವುಗಳ ಪೋಷಣೆ ವ್ಯರ್ಥವೆನಿಸಿತು. ಬ್ರಿಟನ್ನಿನಲ್ಲಿ 1990ರ ದಶಕದ ಆರಂಭದಲ್ಲಿ ರಾಷ್ಟ್ರೀಯ ಸೈರನ್ ಜಾಲವನ್ನು ಕಳಚಲಾಯಿತು. ಜರ್ಮನಿಯಲ್ಲಿಯೂ ಅದೇ ದಶಕದಲ್ಲಿ ಬಹುಸಂಖ್ಯೆಯ ಸೈರನ್ನುಗಳು ಕೆಳಗಿಳಿದವು. ಹವ್ಯಾಸಿಗಳ ಶ್ರಮದ ಮಹತ್ವ ಇಲ್ಲಿ ಸ್ಪಷ್ಟವಾಗುತ್ತದೆ. ಗುಜರಿಗೆ ಹೋಗಲಿದ್ದ ಯಂತ್ರಗಳನ್ನು ಅವರು ಸ್ವಂತ ಹಣದಿಂದ ಕೊಂಡರು. ತುಕ್ಕು ಕೆರೆದು, ಬೇರಿಂಗು ಬದಲಿಸಿ, ಮೋಟಾರಿಗೆ ಹೊಸದಾಗಿ ತಂತಿ ಸುತ್ತಿ ಮತ್ತೆ ಕೂಗುವಂತೆ ಮಾಡಿದರು. ಕಿಂಡಿಗಳನ್ನು ಎಣಿಸಿ, ಸ್ವರವನ್ನು ಅಳೆದು, ಧ್ವನಿಮುದ್ರಣ ಮಾಡಿ ಇಟ್ಟರು. ದೂರದಿಂದ ಕೂಗು ಕೇಳಿಯೇ ಇದು ಇಂಥ ಮಾದರಿಯದೆಂದು ಹೇಳಬಲ್ಲವರು ಅವರಲ್ಲಿದ್ದಾರೆ. ಲಿಪಿಯನ್ನು ನೋಡಿ ಶಾಸನದ ಕಾಲವನ್ನು ಹೇಳುವವನ ವಿದ್ಯೆಗೆ ಇದು ತೀರ ದೂರವಾದುದಲ್ಲ. ಆದುದರಿಂದ ಇದನ್ನು ಬರಿಯ ಚಾಪಲ್ಯವೆಂದು ತಳ್ಳಿಹಾಕುವುದು ನ್ಯಾಯವಾಗದು.

ಆದರೆ ಯಂತ್ರ ಉಳಿದ ಮಾತ್ರಕ್ಕೆ ಅದರ ಚರಿತ್ರೆ ಉಳಿಯಿತೆನ್ನಲಾಗದು. ನಮ್ಮ ಹಳ್ಳಿಗಳಲ್ಲಿ ಡಂಗುರ ಸಾರುವವನು ಮೊದಲು ತಮಟೆ ಬಡಿದು ಜನರ ಗಮನವನ್ನು ಸೆಳೆಯುತ್ತಾನೆ, ಆಮೇಲೆ ಬಾಯಿಬಿಟ್ಟು ಸುದ್ದಿ ಹೇಳುತ್ತಾನೆ. ಸೈರನ್ನಿಗೆ ತಮಟೆಯಿದೆ, ಬಾಯಿಯಿಲ್ಲ. ಅದರ ಅರ್ಥವು ಯಂತ್ರದಲ್ಲಿಲ್ಲ; ಕೇಳುವವರು ಮೊದಲೇ ಒಪ್ಪಿಕೊಂಡ ಸಂಕೇತದಲ್ಲಿದೆ. ಯುದ್ಧಕಾಲದ ಬ್ರಿಟನ್ನಿನಲ್ಲಿ ಏರಿಳಿಯುವ ಕೂಗು ಅಪಾಯಸೂಚಕ, ಒಂದೇ ಸಮನಾದ ಕೂಗು ಅಪಾಯ ಕಳೆದುದರ ಸೂಚಕ. ಶೀತಲ ಸಮರದ ಅಮೆರಿಕದಲ್ಲಿಯಾದರೋ ಮೂರರಿಂದ ಐದು ನಿಮಿಷ ಒಂದೇ ಸಮನೆ ಕೂಗಿದರೆ ಅದು ಎಚ್ಚರಿಕೆ. ಲಂಡನ್ನಿನಲ್ಲಿ ಜನರನ್ನು ನೆಲಮಾಳಿಗೆಯಿಂದ ಹೊರಕ್ಕೆ ಕರೆದ ಧ್ವನಿಯೇ ಸಾಗರದ ಆಚೆ ಭಯದ ಧ್ವನಿಯಾಗಿತ್ತು.

ಸಂಕೇತ ಸಡಿಲವಾದಾಗ ಏನಾಗುವುದೆಂಬುದಕ್ಕೆ ಮೂರು ನಿದರ್ಶನಗಳನ್ನು ಕೊಡಬಹುದು. 1959ರ ಸೆಪ್ಟೆಂಬರ್ 22ರ ರಾತ್ರಿ ಷಿಕಾಗೋ ನಗರದ ಬೇಸ್‌ಬಾಲ್ ತಂಡವೊಂದು ಜಯ ಪಡೆದಾಗ, ಅಗ್ನಿಶಾಮಕ ದಳದ ಮುಖ್ಯಾಧಿಕಾರಿ ರಾಬರ್ಟ್ ಕ್ವಿನ್ ಉತ್ಸವಕ್ಕಾಗಿ ವೈಮಾನಿಕ ದಾಳಿಯ ಸೈರನ್ನುಗಳನ್ನು ಕೂಗಿಸಿದನು. ಸೋವಿಯತ್ ನಾಯಕ ಖ್ರುಶ್ಚೇವ್ ಆಗ ಅಮೆರಿಕದ ಪ್ರವಾಸದಲ್ಲಿದ್ದನು. ಯುದ್ಧವೇ ಬಂದಿತೆಂದು ಅನೇಕರು ಗಾಬರಿಗೊಂಡರು. ಮಾರನೆಯ ವರ್ಷ ನಡೆದದ್ದು ಇದಕ್ಕಿಂತ ದಾರುಣ. 1960ರ ಮೇ 22ರಂದು ಚಿಲಿಯಲ್ಲಾದ ಭೂಕಂಪದಿಂದ ಎದ್ದ ಸಮುದ್ರದ ಅಲೆಗಳು ಹವಾಯಿಯ ಹಿಲೋ ಪಟ್ಟಣವನ್ನು ನಡುರಾತ್ರಿಯ ಬಳಿಕ ಅಪ್ಪಳಿಸಿದವು. ಸೈರನ್ನು ಕೂಗಿದ್ದು ಅದಕ್ಕೆ ನಾಲ್ಕು ಗಂಟೆಗೂ ಮುಂಚೆ, ರಾತ್ರಿ ಎಂಟೂವರೆಯ ಸುಮಾರಿಗೆ. ಆದರೂ 61 ಜನರು ಮಡಿದರು. ಅನಂತರ ನಡೆದ ವಿಚಾರಣೆಯಲ್ಲಿ ಬಹುಮಂದಿ ಕೂಗನ್ನು ಕೇಳಿದ್ದರೆಂದೂ ಮನೆ ಬಿಟ್ಟು ಹೊರಟವರು ಅರ್ಧಕ್ಕಿಂತ ಕಡಮೆಯೆಂದೂ ತಿಳಿದುಬಂದಿತು. ಸ್ವಲ್ಪ ಮುಂಚೆ ಸಂಕೇತಪದ್ಧತಿ ಬದಲಾಗಿತ್ತು. ಇದು ಪೂರ್ವಸೂಚನೆಯೋ ಕಡೆಯ ಸೂಚನೆಯೋ ಎಂಬುದು ಅನೇಕರಿಗೆ ತಿಳಿಯಲಿಲ್ಲ. ಯಂತ್ರ ತನ್ನ ಕೆಲಸವನ್ನು ಮಾಡಿತ್ತು, ಅರ್ಥ ಕೈಕೊಟ್ಟಿತು.

2023ರ ಆಗಸ್ಟ್ 8ರಂದು ಅದೇ ದ್ವೀಪಸಮೂಹದ ಲಹೈನಾ ಪಟ್ಟಣ ಕಾಡ್ಗಿಚ್ಚಿಗೆ ಆಹುತಿಯಾಗಿ ನೂರಕ್ಕೂ ಹೆಚ್ಚು ಜನರು ಸತ್ತಾಗ, ಸೈರನ್ನುಗಳನ್ನು ಕೂಗಿಸಲೇ ಇಲ್ಲ. ಜನರು ಅದನ್ನು ಸಮುದ್ರದ ಅಲೆಯ ಸೂಚನೆಯೆಂದು ಬಗೆದು ಬೆಂಕಿಯಿದ್ದ ಬೆಟ್ಟದ ಕಡೆಗೇ ಓಡಿಯಾರೆಂಬ ಭಯವಿತ್ತೆಂದು ಹೊಣೆಹೊತ್ತ ಅಧಿಕಾರಿ ಸಮರ್ಥಿಸಿಕೊಂಡನು. ಆದರೆ ರಾಜ್ಯದ ಪ್ರಕಟಣೆಯಲ್ಲಿ ಸೈರನ್ನಿನ ಉಪಯೋಗಗಳ ಪಟ್ಟಿಯಲ್ಲಿ ಕಾಡ್ಗಿಚ್ಚೂ ಸೇರಿತ್ತು. 1960ರಲ್ಲಿ ಕೂಗಿದರೂ ಅರ್ಥವಾಗಲಿಲ್ಲ. 2023ರಲ್ಲಿ ಅರ್ಥ ತಪ್ಪೀತೆಂದು ಕೂಗಿಸಲಿಲ್ಲ. ಎರಡು ದುರಂತಗಳ ಮೂಲವೂ ಒಂದೇ ಎಂದು ನಮಗೆ ತೋರುತ್ತದೆ.

ಇದು ದೂರದೇಶದ ಸಮಾಚಾರವಷ್ಟೇ ಅಲ್ಲ. ಏರಿಳಿಯುವ ಕೂಗು ಅಪಾಯಕ್ಕೆ, ಸಮನಾದ ಕೂಗು ಅಭಯಕ್ಕೆ ಎಂಬ ಬ್ರಿಟಿಷ್ ಪದ್ಧತಿಯೇ ಭಾರತದ ನಾಗರಿಕ ರಕ್ಷಣಾ ವ್ಯವಸ್ಥೆಯಲ್ಲಿಯೂ ನಡೆದುಬಂದಿದೆ. 1965 ಮತ್ತು 1971ರ ಯುದ್ಧಗಳನ್ನು ಕಂಡ ಪೀಳಿಗೆಯ ನಗರವಾಸಿಗಳಿಗೆ ಇದು ಪರಿಚಿತ. 2025ರ ಮೇ 7ರಂದು ದೇಶದ 244 ಜಿಲ್ಲೆಗಳನ್ನು ಗುರುತಿಸಿ ರಕ್ಷಣಾಭ್ಯಾಸ ನಡೆಸಿದಾಗ ಬೆಂಗಳೂರಿನಲ್ಲಿಯೂ ಸೈರನ್ನು ಕೂಗಿತು. ಅದಕ್ಕೆ ಮುನ್ನ ಎಷ್ಟೋ ಊರುಗಳಲ್ಲಿ ಹಳೆಯ ಯಂತ್ರಗಳನ್ನು ಪರೀಕ್ಷಿಸಿ ಸರಿಪಡಿಸಬೇಕಾಯಿತು. ಯಂತ್ರವನ್ನು ಒಂದೆರಡು ದಿನದಲ್ಲಿ ಸರಿಪಡಿಸಬಹುದು. ಮರೆತುಹೋದ ಅರ್ಥವನ್ನು ಅಷ್ಟು ಬೇಗ ಜನಮನದಲ್ಲಿ ನೆಲೆಗೊಳಿಸಲಾಗದು. ಆಸ್ಟ್ರಿಯದಲ್ಲಿ ಪ್ರತಿ ಶನಿವಾರ, ನೆದರ್ಲೆಂಡಿನಲ್ಲಿ ಪ್ರತಿ ತಿಂಗಳ ಮೊದಲ ಸೋಮವಾರ, ಮಧ್ಯಾಹ್ನ ಹನ್ನೆರಡಕ್ಕೆ ಸೈರನ್ನುಗಳನ್ನು ಕೂಗಿಸುವ ವಾಡಿಕೆ ಬೆಳೆದದ್ದು ಯಂತ್ರದ ಪರೀಕ್ಷೆಗೆಂಬುದು ನಿಜ. ಆದರೆ ಅದು ಜನರ ಕಿವಿಗೂ ಅಭ್ಯಾಸವಾಯಿತು.

ಆದುದರಿಂದ ಹವ್ಯಾಸಿಗಳು ಅರ್ಧ ಮಾಡಿದ ಕೆಲಸವನ್ನು ಪೂರ್ತಿಗೊಳಿಸುವುದು ಚರಿತ್ರಕಾರನ ಹೊಣೆಯೆಂದು ನಾವು ಭಾವಿಸುತ್ತೇವೆ. ಯಾವ ಊರಿನಲ್ಲಿ ಯಾವ ಯಂತ್ರವಿತ್ತು ಎಂಬುದರೊಡನೆ, ಎಷ್ಟು ಹೊತ್ತಿನ ಕೂಗಿಗೆ ಯಾವ ಅರ್ಥವಿತ್ತು, ಅದನ್ನು ಯಾರು ಗೊತ್ತುಮಾಡಿದರು, ಜನರು ಅದನ್ನು ಹೇಗೆ ತಿಳಿದರು ಎಂಬುದನ್ನೂ ದಾಖಲಿಸಬೇಕು. ಪುರಸಭೆಯ ಕಡತಗಳೂ ಕಾರ್ಖಾನೆಗಳ ದಾಖಲೆಗಳೂ ಅಗ್ನಿಶಾಮಕ ಠಾಣೆಗಳ ದಿನಚರಿಗಳೂ ಇದಕ್ಕೆ ನೆರವಾದಾವು. ಅವೆಲ್ಲಕ್ಕೂ ಮಿಗಿಲಾದ ಆಧಾರ, 1971ರ ಕೂಗನ್ನು ಕೇಳಿ ಮನೆಯ ದೀಪವನ್ನು ಆರಿಸಿದವರ ನೆನಪು. ಅವರು ಈಗ ವೃದ್ಧರು. ನಮ್ಮ ವಿದ್ಯಾರ್ಥಿಗಳು ತಡಮಾಡದೆ ಅವರನ್ನು ಕಂಡು ಕೇಳಿ ಬರೆದುಕೊಳ್ಳುವುದು ಲೇಸು.