ಹೈದರಾಬಾದ್ ಟಂಕಸಾಲೆ ಮತ್ತು ತಪ್ಪಚ್ಚಿನ ನಾಣ್ಯಗಳು

ನಾಣ್ಯದ ದೋಷಕ್ಕೆ ಬೆಲೆ ಬರಬೇಕಾದರೆ, ದೋಷವಿಲ್ಲದ ನಾಣ್ಯ ಹೇಗಿರಬೇಕೆಂಬ ಕಟ್ಟುನಿಟ್ಟಾದ ಮಾದರಿ ಮೊದಲು ನೆಲೆಗೊಂಡಿರಬೇಕು. ಆ ಮಾದರಿ ರೂಪುಗೊಂಡ ಬಗೆಯನ್ನು ಹೈದರಾಬಾದ್ ಟಂಕಸಾಲೆಯ ಇತಿಹಾಸ ಸ್ಪಷ್ಟವಾಗಿ ತೋರಿಸುತ್ತದೆ. 1803ರಲ್ಲಿ ಸುಲ್ತಾನ್ ಶಾಹಿಯಲ್ಲಿ ಆರಂಭವಾದ ನಿಜಾಮರ ಟಂಕಸಾಲೆಯಲ್ಲಿ, ಬೆಳ್ಳಿಯ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಬಡಿಯುತ್ತಿದ್ದರು. ಅಚ್ಚು ಬಿಲ್ಲೆಗಿಂತ ದೊಡ್ಡದಾಗಿದ್ದುದರಿಂದ ಪರ್ಷಿಯನ್ ಬರಹದ ಅಂಚುಗಳು ನಾಣ್ಯದ ಹೊರಗುಳಿಯುವುದು ಸಹಜವಾಗಿತ್ತು. ತೂಕ ಮತ್ತು ಬೆಳ್ಳಿಯ ಶುದ್ಧತೆಯನ್ನೇ ನೋಡುತ್ತಿದ್ದ ಸರಾಫರಿಗೆ ಅದು ಎಣಿಕೆಗೆ ಬರುವ ಕೊರತೆಯಾಗಿರಲಿಲ್ಲ.

1895ರಲ್ಲಿ ಯಂತ್ರಗಳು ಬಂದು, 1903ರಲ್ಲಿ ಟಂಕಸಾಲೆ ಸೈಫಾಬಾದಿಗೆ ಸ್ಥಳಾಂತರಗೊಂಡ ಮೇಲೆ ಒಂದರಂತೆ ಇನ್ನೊಂದಿರುವ ನಾಣ್ಯಗಳ ಕಾಲ ಆರಂಭವಾಯಿತು. ಕಲಬುರಗಿ, ಬೀದರ್, ರಾಯಚೂರು ಸೀಮೆಯಲ್ಲಿಯೂ ಚಲಾವಣೆಯಲ್ಲಿದ್ದ ಹಾಲಿ ಸಿಕ್ಕಾ, ಅಂದರೆ ಸಂಸ್ಥಾನದ ಸ್ವಂತ ರೂಪಾಯಿ, ಚಾರ್‌ಮಿನಾರ್‌ನ ಚಿತ್ರವನ್ನೂ ಅದರ ಬಾಗಿಲಿನಲ್ಲಿ ಅರಸನ ಹೆಸರಿನ ಮೊದಲಕ್ಷರವನ್ನೂ ಹೊತ್ತಿತು. ನಿಜಾಮ ಉಸ್ಮಾನ್ ಅಲಿ ಖಾನನ ಆಳ್ವಿಕೆಯ ಮೊದಲ ರೂಪಾಯಿಗಳಲ್ಲಿ ಮೊಟಕಾಗಿದ್ದ ‘ಐನ್’, ಅಂದರೆ ಅವನ ಹೆಸರಿನ ಮೊದಲಕ್ಷರ, ಮುಂದಿನವುಗಳಲ್ಲಿ ಪೂರ್ಣವಾಗಿ ಕಾಣುತ್ತದೆ. ಅಚ್ಚನ್ನೇ ಬದಲಿಸಿದ್ದರಿಂದ ಉಂಟಾದ ಇಂತಹ ವ್ಯತ್ಯಾಸ ಅಚ್ಚಿನ ಪ್ರಭೇದವೇ ಹೊರತು ತಪ್ಪಚ್ಚಲ್ಲ.

1950ರಲ್ಲಿ ಭಾರತ ಸರ್ಕಾರದ ವಶಕ್ಕೆ ಬಂದು, 1997ರಲ್ಲಿ ಚೆರ್ಲಪಲ್ಲಿಗೆ ಹೋದ ಈ ಟಂಕಸಾಲೆಯ ನಾಣ್ಯಗಳನ್ನು ಇಸವಿಯ ಕೆಳಗಿನ ಐದು ಮೂಲೆಯ ನಕ್ಷತ್ರದಿಂದ ಗುರುತಿಸಲಾಗುತ್ತದೆ. ನಿಜವಾದ ತಪ್ಪಚ್ಚು ಉಂಟಾಗುವುದು ನಾಣ್ಯವನ್ನು ಮುದ್ರಿಸುವಾಗ: ಯಂತ್ರದ ವೇಗದಲ್ಲಿ ಬಿಲ್ಲೆ ಪಕ್ಕಕ್ಕೆ ಸರಿದರೆ ಮುದ್ರೆ ಓರೆಯಾಗುತ್ತದೆ. ಹಿಂದಿನ ನಾಣ್ಯ ಅಚ್ಚಿಗೇ ಅಂಟಿಕೊಂಡು ಉಳಿದರೆ, ಮುಂದಿನ ಬಿಲ್ಲೆಯ ಒಂದು ಬದಿಯಲ್ಲಿ ಚಿತ್ರ ಎಂದಿನಂತಿದ್ದು, ಇನ್ನೊಂದು ಬದಿಯಲ್ಲಿ ಅದೇ ಚಿತ್ರ ತಗ್ಗಾಗಿ, ಕನ್ನಡಿಯ ಬಿಂಬದಂತೆ ತಿರುವುಮುರುವಾಗಿ ಮೂಡುತ್ತದೆ. ಈ ಎರಡನೆಯ ಬಗೆಯನ್ನು ಸಂಗ್ರಾಹಕರು ‘ಲಖಿ’ ಎಂದು ಕರೆಯುತ್ತಾರೆ.

ಇಂತಹ ನಾಣ್ಯಕ್ಕೆ ಕಾನೂನಿನ ದೃಷ್ಟಿಯಲ್ಲಿ ಮುಖಬೆಲೆಗಿಂತ ಹೆಚ್ಚಿನ ಮೌಲ್ಯವಿಲ್ಲ. ಹೆಚ್ಚುವರಿ ಬೆಲೆಯನ್ನು ತೀರ್ಮಾನಿಸುವುದು ಸಂಗ್ರಾಹಕರ ಬೇಡಿಕೆ, ದೋಷದ ಪ್ರಮಾಣ ಮತ್ತು ನಾಣ್ಯದ ಸ್ಥಿತಿ. ಸವೆದ ಅಚ್ಚಿನಿಂದ ಮಸುಕಾದ ಅಕ್ಷರ ಸಾವಿರಾರು ನಾಣ್ಯಗಳಲ್ಲಿ ಕಾಣುವುದರಿಂದ ಅದಕ್ಕೆ ಹೆಚ್ಚಿನ ಬೆಲೆ ಸಿಗುವುದು ಅಪರೂಪ. ಇಸವಿಯೂ ಟಂಕಸಾಲೆಯ ಗುರುತೂ ಉಳಿದಿರುವ, ಅರ್ಧದಷ್ಟು ಓರೆಯಾದ ಮುದ್ರೆಗೆ ಬೇಡಿಕೆ ಹೆಚ್ಚು. ಟಂಕಸಾಲೆಯಿಂದ ಹೊರಬಂದ ಮೇಲೆ ಉಜ್ಜಿದ, ಕೊರೆದ ಅಥವಾ ಬಗ್ಗಿಸಿದ ನಾಣ್ಯ ಕೇವಲ ಹಾಳಾದ ನಾಣ್ಯ. ಹಳೆಯ ನಾಣ್ಯಗಳ ವ್ಯವಹಾರದಲ್ಲಿ ತನ್ನ ಹೆಸರು ಹೇಳಿ ಶುಲ್ಕ ಕೇಳುವವರನ್ನು ನಂಬಬಾರದೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಎಚ್ಚರಿಸಿದ್ದನ್ನೂ ಮರೆಯುವಂತಿಲ್ಲ.

ತಪ್ಪಚ್ಚಿನ ನಿಜವಾದ ಮೌಲ್ಯ ಅದು ಕೊಡುವ ಸಾಕ್ಷ್ಯದಲ್ಲಿದೆ. ಸರಿಯಾದ ನಾಣ್ಯ ತನ್ನ ತಯಾರಿಕೆಯ ಹಂತಗಳನ್ನು ಮರೆಮಾಡಿದರೆ, ತಪ್ಪಿದ ನಾಣ್ಯ ಬಿಲ್ಲೆ, ಅಚ್ಚು ಮತ್ತು ಒತ್ತುಯಂತ್ರಗಳ ಕೆಲಸವನ್ನು ಬಯಲುಮಾಡುತ್ತದೆ. ಆದ್ದರಿಂದ ಬೆಲೆ ಬಾರದ ತಪ್ಪಚ್ಚೂ ಇತಿಹಾಸದ ಅಭ್ಯಾಸಿಗೆ ಜೋಪಾನ ಮಾಡಬೇಕಾದ ದಾಖಲೆಯೇ ಆಗಿದೆ.