ಕೈಗೊಪ್ಪುವ ಹಾಕಿ ಸ್ಟಿಕ್: ಆರಿಸುವುದು ಹೇಗೆ?

ಏಪ್ರಿಲ್ ಸಮೀಪಿಸಿತೆಂದರೆ ಬೆಂಗಳೂರು, ಮೈಸೂರುಗಳಲ್ಲಿ ನೆಲೆಸಿರುವ ಕೊಡವ ಕುಟುಂಬಗಳಲ್ಲಿ ಅಟ್ಟದ ಮೇಲಿನ ಹಾಕಿ ಸ್ಟಿಕ್‌ಗಳು ಕೆಳಗಿಳಿಯುತ್ತವೆ. ಒಕ್ಕದ ತಂಡಕ್ಕೆ ಆಡಲು ಬರಬೇಕೆಂದು ಊರಿನಿಂದ ಕರೆ ಬಂದಿರುತ್ತದೆ. ಇಳಿಸಿ ನೋಡಿದರೆ ಒಂದರ ಗ್ರಿಪ್ ಹರಿದಿದೆ, ಇನ್ನೊಂದರ ತಲೆ ಬಿರುಕು ಬಿಟ್ಟಿದೆ, ಮಗನ ಸ್ಟಿಕ್ ಈಗ ಅವನ ತೊಡೆಯ ಮಟ್ಟಕ್ಕೂ ಬಾರದು. ಹೀಗಾಗಿ ಅವಸರದ ಖರೀದಿ ನಡೆಯುತ್ತದೆ. ಅಂಗಡಿಯಲ್ಲಿ ಅತಿ ದುಬಾರಿಯಾದುದನ್ನೋ, ಅಂತರಜಾಲದಲ್ಲಿ ಬಣ್ಣ ನೋಡಿ ಮೆಚ್ಚಿದುದನ್ನೋ ಕೊಳ್ಳುವವರೇ ಹೆಚ್ಚು. ಎರಡನೆಯ ಪಂದ್ಯದ ವೇಳೆಗೆ ಮಣಿಕಟ್ಟು ನೋಯತೊಡಗಿದಾಗ ತಪ್ಪು ಅರಿವಿಗೆ ಬರುತ್ತದೆ. ದೊಡ್ಡವರಿಗೆ ಇದು ಒಂದು ತಿಂಗಳ ನೋವು, ಕೆಲವು ಸಾವಿರ ರೂಪಾಯಿಗಳ ನಷ್ಟ. ಆಟ ಕಲಿಯುತ್ತಿರುವ ಮಗುವಿಗಾದರೆ ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ.

ಕೊಡಗಿನಲ್ಲಿ ಈ ಪ್ರಶ್ನೆಗೆ ಬೇರೆಡೆ ಇಲ್ಲದ ಮಹತ್ವವಿದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಪಾಲ್ಗೊಂಡಿದ್ದು 60 ಕುಟುಂಬಗಳು. ಪ್ರಕೃತಿ ವಿಕೋಪ ಮತ್ತು ಕೋವಿಡ್ ಕಾರಣದಿಂದ ನಿಂತಿದ್ದ ಉತ್ಸವ 2023ರಲ್ಲಿ ನಾಪೋಕ್ಲುವಿನಲ್ಲಿ ಮರಳಿ ನಡೆಯಿತು. ಅಲ್ಲಿಯೇ 2024ರಲ್ಲಿ ಜರುಗಿದ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳು ನೋಂದಾಯಿಸಿಕೊಂಡು ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್ ವೇಳೆಗೆ ಸಂಖ್ಯೆ 396ಕ್ಕೇರಿತು. ಈ ತಂಡಗಳಲ್ಲಿ ಅಜ್ಜ ಮೊಮ್ಮಗ, ತಾಯಿ ಮಗಳು ಒಟ್ಟಿಗೆ ಕಣಕ್ಕಿಳಿಯುವುದುಂಟು. ಒಂದೇ ಒಕ್ಕದ ಹನ್ನೊಂದು ಮಂದಿಗೆ ಹನ್ನೊಂದು ಬಗೆಯ ಸ್ಟಿಕ್ ಬೇಕಾಗಬಹುದು ಎಂಬುದನ್ನು ಮರೆತು, ಇಡೀ ತಂಡಕ್ಕೆ ಒಂದೇ ಮಾದರಿಯನ್ನು ಸಗಟಾಗಿ ತರಿಸುವುದು ಸರಿಯಾದ ಕ್ರಮವಲ್ಲ.

ನಿಯಮ ಏನು ಹೇಳುತ್ತದೆ?

ಅಂತರರಾಷ್ಟ್ರೀಯ ಹಾಕಿ ಒಕ್ಕೂಟದ ನಿಯಮದಂತೆ ಸ್ಟಿಕ್‌ನ ತೂಕ 737 ಗ್ರಾಂ ಹಾಗೂ ಉದ್ದ 105 ಸೆಂ.ಮೀ. ಮೀರುವಂತಿಲ್ಲ. ಎಲ್ಲ ಹೊದಿಕೆ, ಟೇಪ್ ಸಹಿತ ಅದು 51 ಮಿ.ಮೀ. ಒಳವ್ಯಾಸದ ಬಳೆಯೊಳಗೆ ಹಾದುಹೋಗಬೇಕು. ಚೆಂಡಾಡುವ ಚಪ್ಪಟೆ ಮುಖ ಎಡಬದಿಯಲ್ಲಿ ಮಾತ್ರ ಇರತಕ್ಕದ್ದು. ಎಡಗೈ ಬಳಸುವ ಮಕ್ಕಳ ಪೋಷಕರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆಗೆ ಇದೇ ಉತ್ತರ: ಎಡಗೈಯವರಿಗೆಂದು ಪ್ರತ್ಯೇಕ ಸ್ಟಿಕ್ ಇಲ್ಲ. ಚಿಂತೆಗೂ ಕಾರಣವಿಲ್ಲ. ಹಾಕಿಯಲ್ಲಿ ಸ್ಟಿಕ್‌ನ ತುದಿಯನ್ನು ಹಿಡಿದು ಅದನ್ನು ಅತ್ತಿತ್ತ ಹೊರಳಿಸುವುದು ಎಡಗೈಯೇ. ಬಲಗೈ ಕೆಳಗೆ ಆಧಾರವಾಗಿ ನಿಲ್ಲುತ್ತದೆ. ಎಡಗೈ ಬಲವಿರುವ ಮಗು ಡ್ರಿಬ್ಲಿಂಗ್ ಅನ್ನು ಬೇಗ ಕಲಿತರೆ ಅಚ್ಚರಿಯಿಲ್ಲ.

ಉದ್ದ ಮತ್ತು ತೂಕ

ಉದ್ದದ ವಿಷಯ ಸರಳ. ಆಡುವ ಬೂಟು ಧರಿಸಿ ನೇರವಾಗಿ ನಿಂತು, ಸ್ಟಿಕ್‌ನ ತಲೆಯನ್ನು ನೆಲಕ್ಕೆ ತಾಗಿಸಿ ದೇಹದ ಪಕ್ಕದಲ್ಲಿ ಹಿಡಿದಾಗ ಹಿಡಿಯ ತುದಿ ಸೊಂಟದ ಮೂಳೆಯ ಮಟ್ಟಕ್ಕೆ ಬರಬೇಕು. ವಯಸ್ಕರಲ್ಲಿ ಐದೂಕಾಲು ಅಡಿಯಿಂದ ಐದಡಿ ಒಂಬತ್ತು ಅಂಗುಲದವರೆಗಿನವರಿಗೆ ಸಾಮಾನ್ಯವಾಗಿ 36.5 ಇಂಚು, ಅದಕ್ಕಿಂತ ಎತ್ತರದವರಿಗೆ 37.5 ಇಂಚು ಹೊಂದುತ್ತದೆ. ಮಕ್ಕಳಿಗೆ 28 ಇಂಚಿನಿಂದ ಮೇಲಕ್ಕೆ ಹಲವು ಅಳತೆಗಳಿವೆ. 'ಮುಂದಿನ ವರ್ಷಕ್ಕೂ ಆಗಲಿ' ಎಂದು ಶಾಲೆಯ ಸಮವಸ್ತ್ರದಂತೆ ದೊಡ್ಡ ಅಳತೆ ಕೊಳ್ಳುವುದು ನಮ್ಮಲ್ಲಿ ರೂಢಿ. ಉದ್ದನೆಯ ಸ್ಟಿಕ್ ಹಿಡಿದ ಮಗು ಹೊಟ್ಟೆಗೆ ಹಿಡಿ ತಾಗದಂತೆ ನೆಟ್ಟಗೆ ನಿಂತೇ ಆಡುತ್ತದೆ. ಮಂಡಿ ಮಡಿಸಿ ಬಗ್ಗಿ ಆಡುವ ಅಭ್ಯಾಸ ಬರುವುದೇ ಇಲ್ಲ. ಎರಡು ವರ್ಷಗಳ ತರುವಾಯ ಅದನ್ನು ತಿದ್ದುವುದು ಯಾವ ತರಬೇತುದಾರರಿಗೂ ಸುಲಭವಲ್ಲ.

ತೂಕದಲ್ಲಿ ಜಾಗ್ರತೆ ಬೇಕು. ಇಂದಿನ ವಯಸ್ಕರ ಸ್ಟಿಕ್‌ಗಳು ಬಹುತೇಕ 510ರಿಂದ 560 ಗ್ರಾಂ ಒಳಗಿರುತ್ತವೆ. ಐವತ್ತು ಗ್ರಾಂ ಎಂದರೆ ಎಷ್ಟು ಮಹಾ ಎನ್ನಿಸಬಹುದು. ಆದರೆ ಕೈಗೆ ತಿಳಿಯುವುದು ಒಟ್ಟು ತೂಕವಲ್ಲ, ಆ ತೂಕ ಎಲ್ಲಿ ಕುಳಿತಿದೆ ಎಂಬುದು. ಸ್ಟಿಕ್ ಅನ್ನು ಅಡ್ಡಲಾಗಿ ಒಂದು ಬೆರಳ ಮೇಲಿಟ್ಟು ಅದು ಸಮತೂಕಕ್ಕೆ ಬರುವ ಬಿಂದುವನ್ನು ಗುರುತಿಸಿ. ಎರಡು ಸ್ಟಿಕ್‌ಗಳ ತೂಕ ಒಂದೇ ಇದ್ದರೂ ಈ ಬಿಂದು ತಲೆಯ ಕಡೆಗೆ ಜರುಗಿರುವ ಸ್ಟಿಕ್ ಕೈಯಲ್ಲಿ ಭಾರವೆನಿಸುತ್ತದೆ. ಅದರಿಂದ ಹೊಡೆತಕ್ಕೆ ಬಲ ಬರುತ್ತದೆ, ನಿಂತು ಹೊಡೆಯುವ ರಕ್ಷಣಾ ಆಟಗಾರನಿಗೆ ಅನುಕೂಲ. ಬಿಂದು ಹಿಡಿಯ ಕಡೆಗಿದ್ದರೆ ಮಣಿಕಟ್ಟು ಲೀಲಾಜಾಲವಾಗಿ ತಿರುಗುತ್ತದೆ, ಮುಂಚೂಣಿಯ ಆಟಗಾರ ಅದನ್ನು ಮೆಚ್ಚುತ್ತಾನೆ. ಕ್ಲಬ್ಬುಗಳಲ್ಲಿ ಬಿಲಿಯರ್ಡ್ಸ್ ಆಡುವವರು ಕ್ಯೂ ಕೋಲನ್ನು ಕೈಯಲ್ಲಿ ತೂಗಿ ನೋಡುವುದೂ ಇದಕ್ಕಾಗಿಯೇ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಎಡಗೈ ಒಂದರಿಂದಲೇ ಹಿಡಿಯ ತುದಿಯನ್ನು ಹಿಡಿದು, ಸ್ಟಿಕ್ ಅನ್ನು ಮುಂದಕ್ಕೆ ಚಾಚಿ, ತಲೆ ನೆಲದಿಂದ ಒಂದು ಗೇಣು ಮೇಲಿರುವಂತೆ ಅರ್ಧ ನಿಮಿಷ ನಿಲ್ಲಿಸಿ. ಬಳಿಕ ಅದೇ ಸ್ಥಿತಿಯಲ್ಲಿ ಹತ್ತು ಸಲ ಮುಖವನ್ನು ಅತ್ತಿತ್ತ ಹೊರಳಿಸಿ. ಮುಂದೋಳು ನಡುಗಿದರೆ, ತಲೆ ತಾನಾಗಿ ಕೆಳಗೆ ಜಾರಿದರೆ, ಬೆಲೆ ಎಷ್ಟೇ ಆಕರ್ಷಕವಾಗಿರಲಿ, ಆ ಸ್ಟಿಕ್ ನಿಮ್ಮದಲ್ಲ. ಪಂದ್ಯದ ಕೊನೆಯ ಹತ್ತು ನಿಮಿಷದಲ್ಲಿ ಅದು ಇನ್ನೂ ಭಾರವಾಗುತ್ತದೆ. ಅಂತರಜಾಲದಲ್ಲಿ ಕೊಳ್ಳುವವರಿಗೆ ಈ ಅವಕಾಶವಿಲ್ಲ. ಅವರು ಕನಿಷ್ಠ ಗೆಳೆಯರೊಬ್ಬರ ಬಳಿಯಿರುವ ಅದೇ ಮಾದರಿಯನ್ನು ಎರವಲು ಪಡೆದು ಒಂದು ಸಂಜೆ ಆಡಿ ನೋಡುವುದು ಒಳಿತು.

ಬಾಗು: ನೆಲ ನೋಡಿ ಆರಿಸಿ

ಸ್ಟಿಕ್ ಅನ್ನು ಸಮತಟ್ಟಾದ ನೆಲದ ಮೇಲೆ ಚಪ್ಪಟೆ ಮುಖ ಕೆಳಗೆ ಮಾಡಿ ಇರಿಸಿದರೆ ನಡುವೆ ಒಂದು ಕಮಾನು ಕಾಣುತ್ತದೆ. ಇದೇ ಬಾಗು, ಆಟಗಾರರ ಮಾತಿನಲ್ಲಿ 'ಬೋ'. ಇದರ ಆಳ 25 ಮಿ.ಮೀ. ಮೀರಬಾರದು, ಅತ್ಯಂತ ಆಳವಾದ ಭಾಗ ತಲೆಯ ಬುಡದಿಂದ 200 ಮಿ.ಮೀ.ಗಿಂತ ಕೆಳಗೆ ಬರಬಾರದು ಎಂದು ನಿಯಮವಿದೆ. ಈ ಮಿತಿಯ ಅಂಚಿನವರೆಗೆ ತಂದ ಸ್ಟಿಕ್‌ಗಳನ್ನು 'ಲೋ ಬೋ' ಎಂದು ಮಾರುತ್ತಾರೆ. ಯುವಕರಲ್ಲಿ ಇವುಗಳ ಮೋಹ ಬಹಳ.

ಮೋಹಕ್ಕೆ ಕಾರಣವೂ ಇದೆ. ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲಿನತ್ತ ಮೊದಲ ಪ್ರಯತ್ನ ಹಿಟ್ ಆಗಿದ್ದರೆ ಚೆಂಡು 460 ಮಿ.ಮೀ.ಗಿಂತ ಮೇಲೇರದೆ ಗೋಲಿನ ಗೆರೆ ದಾಟಬೇಕು. ಫ್ಲಿಕ್‌ಗೆ ಈ ಮಿತಿ ಇಲ್ಲ. ಆದ್ದರಿಂದಲೇ ಡ್ರ್ಯಾಗ್ ಫ್ಲಿಕ್ ಆಧುನಿಕ ಹಾಕಿಯ ಪ್ರಮುಖ ಅಸ್ತ್ರವಾಯಿತು. ಕೊಡಗಿನವರೇ ಆದ ಲೆನ್ ಅಯ್ಯಪ್ಪ, ವಿ.ಆರ್. ರಘುನಾಥ್ ಈ ಕಲೆಯಿಂದ ಹೆಸರಾದವರು. ಚೆಂಡನ್ನು ಬಾಗಿನ ತೊಟ್ಟಿಲಲ್ಲಿ ಎಳೆದು ತಂದು ಎಸೆಯಲು ಕೆಳಗಿನ ಬಾಗು ನೆರವಾಗುತ್ತದೆ.

ಆದರೆ ಒಂದು ತಂಡದಲ್ಲಿ ಡ್ರ್ಯಾಗ್ ಫ್ಲಿಕ್ ಮಾಡುವವರು ಒಬ್ಬಿಬ್ಬರು. ಉಳಿದವರ ಕೆಲಸ ಚೆಂಡನ್ನು ತಡೆಯುವುದು, ತಳ್ಳುವುದು, ನೆಲಮಟ್ಟದಲ್ಲಿ ಹೊಡೆಯುವುದು. ಲೋ ಬೋ ಸ್ಟಿಕ್‌ನಲ್ಲಿ ಹೊಡೆದ ಚೆಂಡು, ಮುಖದ ಕೋನ ಕೊಂಚ ತಪ್ಪಿದರೂ ಮೇಲೇಳುತ್ತದೆ. ಮಡಿಕೇರಿಯ ಭಾರತೀಯ ಕ್ರೀಡಾ ಪ್ರಾಧಿಕಾರದ ಅಂಗಣ, ಪೊನ್ನಂಪೇಟೆಯ ಅಂಗಣಗಳಂತಹ ಟರ್ಫ್ ಮೇಲೆ ಅನುಭವಿ ಆಟಗಾರ ಇದನ್ನು ಹತೋಟಿಯಲ್ಲಿಡಬಲ್ಲ. ಕೌಟುಂಬಿಕ ಪಂದ್ಯಗಳು ಹೆಚ್ಚಾಗಿ ನಡೆಯುವುದು ಮಣ್ಣು, ಹುಲ್ಲಿನ ಬಯಲುಗಳಲ್ಲಿ. ಅಲ್ಲಿ ಚೆಂಡು ತಾನಾಗಿಯೇ ಪುಟಿಯುತ್ತದೆ. 156ರಿಂದ 163 ಗ್ರಾಂ ತೂಗುವ ಗಟ್ಟಿ ಚೆಂಡು ಎದುರು ನಿಂತ ಅರುವತ್ತರ ಹಿರಿಯರ ಅಥವಾ ಹನ್ನೆರಡರ ಬಾಲಕಿಯ ಮೊಗಕ್ಕೆ ಏರುವುದೆಂದರೆ ಅದು ಹಗುರವಾಗಿ ತೆಗೆದುಕೊಳ್ಳುವ ಸಂಗತಿಯಲ್ಲ. ಮಣ್ಣಿನಂಗಳಕ್ಕೆ ಸಾಧಾರಣ ಬಾಗು, ಅಂದರೆ ಆಳ ಕಡಿಮೆಯಿದ್ದು ಸ್ಟಿಕ್‌ನ ಮಧ್ಯಭಾಗದ ಕಡೆಗಿರುವ ಬಾಗೇ ತಕ್ಕುದೆಂಬುದು ಈ ಲೇಖಕನ ಖಚಿತ ಅಭಿಪ್ರಾಯ.

ತಲೆಯ ಆಕಾರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 'ಮಿಡಿ' ಎಂಬುದು ಎಲ್ಲರಿಗೂ ಹೊಂದುವ ನಡುವಿನ ಅಳತೆ. 'ಮ್ಯಾಕ್ಸಿ'ಯಲ್ಲಿ ಚೆಂಡಿಗೆ ಸಿಗುವ ಮುಖ ದೊಡ್ಡದು. ಪುಟಿದು ಬರುವ ಚೆಂಡನ್ನು ತಡೆಯಬೇಕಾದ ಹಿಂಬದಿಯ ಆಟಗಾರನಿಗೆ ಉಪಯುಕ್ತ.

ಮರವೋ, ಕಾರ್ಬನ್ನೋ?

1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದ ಎಂ.ಪಿ. ಗಣೇಶ್, 1975ರ ವಿಶ್ವಕಪ್ ವಿಜೇತ ತಂಡದ ಬಿ.ಪಿ. ಗೋವಿಂದ, 1980ರ ಮಾಸ್ಕೋ ಸ್ವರ್ಣದ ಎಂ.ಎಂ. ಸೋಮಯ್ಯ, ಇವರೆಲ್ಲ ಬೆಳೆದದ್ದು ಮರದ ಸ್ಟಿಕ್‌ಗಳ ಕಾಲದಲ್ಲಿ. ದೇಶ ವಿಭಜನೆಯ ಬಳಿಕ ಸಿಯಾಲ್‌ಕೋಟ್‌ನಿಂದ ಬಂದ ಕುಶಲಕರ್ಮಿಗಳು ನೆಲೆಯೂರಿದ ಜಲಂಧರ್, ಭಾರತದಲ್ಲಿ ಈ ಉದ್ಯಮದ ಪ್ರಮುಖ ಕೇಂದ್ರವಾಯಿತು. ಅಲ್ಲಿ ತಲೆಗೆ ಬಳಸುವುದು ಹಿಪ್ಪುನೇರಳೆ. ರೇಷ್ಮೆಹುಳುವಿನ ಮೇವೆಂದು ರಾಮನಗರ, ಕೋಲಾರದ ರೈತರು ಬಲ್ಲ ಅದೇ ಕುಲದ ಮರ. ಎಳೆ ಬಿಗಿಯಾಗಿರುವ ಈ ಮರ ಹಬೆಯಲ್ಲಿ ಕಾಯಿಸಿದಾಗ ಮುರಿಯದೆ ಬಾಗುತ್ತದೆ. ಹಿಡಿಗೆ ಬೆತ್ತದ ಸೀಳುಗಳನ್ನು ರಬ್ಬರ್‌ನೊಡನೆ ಜೋಡಿಸಿ ದಾರ ಸುತ್ತುತ್ತಿದ್ದರು. ಚೆಂಡಿನ ಅದುರನ್ನು ಬೆತ್ತ ಹೀರಿಕೊಂಡು ಕೈಗೆ ಹದವಾಗಿ ಮುಟ್ಟಿಸುತ್ತಿತ್ತು.

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕೃತಕ ಹಾಸು ಬಂದ ಮೇಲೆ ಆಟದ ವೇಗ ಬದಲಾಯಿತು, ಕ್ರಮೇಣ ಸ್ಟಿಕ್ ಕೂಡ. ಇಂದು ಮೇಲ್ಮಟ್ಟದ ಆಟದಲ್ಲಿ ಕಾರ್ಬನ್, ಗಾಜಿನ ನಾರು, ಅರಾಮಿಡ್ ನಾರುಗಳ ಮಿಶ್ರಣದ ಸ್ಟಿಕ್‌ಗಳದ್ದೇ ಆಳ್ವಿಕೆ. ಕಾರ್ಬನ್ ಪ್ರಮಾಣವನ್ನು ಶೇಕಡಾವಾರು ಮುದ್ರಿಸಿರುತ್ತಾರೆ. ಪ್ರಮಾಣ ಏರಿದಂತೆ ಸ್ಟಿಕ್ ಬಿರುಸಾಗುತ್ತದೆ, ಹೊಡೆತದ ಶಕ್ತಿ ವ್ಯರ್ಥವಾಗದೆ ಚೆಂಡಿಗೆ ಸೇರುತ್ತದೆ, ಬೆಲೆಯೂ ಏರುತ್ತದೆ. ಆದರೆ ಬಿರುಸಾದ ಸ್ಟಿಕ್ ಎದುರಿನಿಂದ ಬಂದ ಚೆಂಡನ್ನೂ ಅಷ್ಟೇ ಬಿರುಸಾಗಿ ಹಿಂದಕ್ಕೆಸೆಯುತ್ತದೆ; ಹೊಡೆತ ತಲೆಯ ನಡುವೆ ಬೀಳದಿದ್ದರೆ ಅದರ ಪೆಟ್ಟು ನೇರ ಮೊಣಕೈಗೆ ಬರುತ್ತದೆ. ದಿನವೂ ಎರಡು ಹೊತ್ತು ಅಭ್ಯಾಸ ಮಾಡುವವರ ಕೈ ಇದನ್ನು ತಾಳಿಕೊಂಡೀತು. ವರ್ಷಕ್ಕೊಮ್ಮೆ ಊರಿಗೆ ಬಂದು ಆಡುವವರಿಗೆ ಶೇ. 30ರಿಂದ 50ರಷ್ಟು ಕಾರ್ಬನ್ ಸಾಕು.

ಕೂಡಿಗೆಯ ಕ್ರೀಡಾ ಶಾಲೆಗೋ ಪೊನ್ನಂಪೇಟೆಯ ಕ್ರೀಡಾ ವಸತಿ ನಿಲಯಕ್ಕೋ ಆಯ್ಕೆ ನಡೆಯುವಾಗ ಪೋಷಕರು ಸಾಲ ಮಾಡಿಯಾದರೂ ದುಬಾರಿ ಸ್ಟಿಕ್ ಕೊಡಿಸಲು ಮುಂದಾಗುವುದುಂಟು. ಇದು ಅನಗತ್ಯ. ಆಯ್ಕೆ ಮಾಡುವವರ ಗಮನ ಮಗುವಿನ ಓಟ, ಕಣ್ಣು, ಮಣಿಕಟ್ಟುಗಳ ಮೇಲಿರುತ್ತದೆ. ಬಡಗಿಯ ಮಗನಾಗಿ ಸೋಮವಾರಪೇಟೆಯಲ್ಲಿ ಬೆಳೆದ ಎಸ್.ವಿ. ಸುನಿಲ್ ಎಳವೆಯಲ್ಲಿ ಬಿದಿರಿನ ಕೋಲು ಹಿಡಿದು ಆಡಿದವರು. 2014ರ ಇಂಚಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಅವರಿದ್ದರು. ಹನ್ನೆರಡು ಹದಿಮೂರರ ಒಳಗಿನ ಮಕ್ಕಳಿಗೆ ಸರಿಯಾದ ಉದ್ದದ, ಹಗುರವಾದ ಮರದ ಅಥವಾ ಗಾಜಿನ ನಾರಿನ ಸ್ಟಿಕ್ ಉತ್ತಮ. ಚೆಂಡು ಸ್ಟಿಕ್‌ಗೆ ತಾಗಿದ್ದು ಕೈಗೆ ತಿಳಿಯಬೇಕು. ತೀರ ಬಿರುಸಾದ ಸ್ಟಿಕ್‌ನಲ್ಲಿ ಮಗುವಿಗೆ ತಿಳಿಯುವುದು ಅದುರು ಮಾತ್ರ.

ಕೊಳ್ಳುವ ಮುನ್ನ, ಕೊಂಡ ಮೇಲೆ

ಹಣ ಕೊಡುವ ಮೊದಲು ಹಿಡಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿ, ಸ್ಟಿಕ್ ಪಕ್ಕಕ್ಕೆ ತಿರುಚಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಿ. ಚೆಂಡೊಂದನ್ನು ತಲೆಯ ಮೇಲೆ ಮೆಲ್ಲಗೆ ಪುಟಿಸಿ ಸದ್ದು ಆಲಿಸಿ. ಎಲ್ಲೆಡೆ ಒಂದೇ ಸದ್ದು ಬಂದರೆ ಸರಿ. ಒಂದೆಡೆ ಬೊಳ್ಳೆನಿಸಿದರೆ ಒಳಗೆ ಬಿರುಕಿರುವ ಸಂಭವವುಂಟು. ಗ್ರಿಪ್ ದಪ್ಪವೆನಿಸಿದರೆ ಸ್ಟಿಕ್ ಬದಲಿಸಬೇಕಿಲ್ಲ, ಗ್ರಿಪ್ ಬದಲಿಸಿದರಾಯಿತು. ಚಿಕ್ಕ ಅಂಗೈಯವರು ಇದನ್ನು ಗಮನಿಸದೆ ಒಳ್ಳೆಯ ಸ್ಟಿಕ್‌ಗಳನ್ನು ತಿರಸ್ಕರಿಸುವುದನ್ನು ಕಾಣುತ್ತೇವೆ.

ಮಣ್ಣಿನಂಗಳದ ಹರಳುಕಲ್ಲು ನಾರಿನ ಸ್ಟಿಕ್‌ಗಳಿಗೆ ದೊಡ್ಡ ಶತ್ರು. ತಲೆಯ ಕೆಳಯಂಚು ಸವೆದು ಸಿಬರೆದ್ದರೆ ಅಂತಹ ಸ್ಟಿಕ್‌ನಲ್ಲಿ ಆಡಲು ಅಂಪೈರ್ ಬಿಡುವಂತಿಲ್ಲ, ಏಕೆಂದರೆ ಸ್ಟಿಕ್ ನುಣುಪಾಗಿರಬೇಕೆಂಬುದು ನಿಯಮ. ಆರಂಭದಲ್ಲೇ ಅಂಚಿಗೆ ಟೇಪ್ ಸುತ್ತುವುದು ಜಾಣತನ. ಮರದ ಸ್ಟಿಕ್‌ಗೆ ಮಳೆಗಾಲವೇ ಪರೀಕ್ಷೆ. ಕಕ್ಕಡದ ಮಳೆಯಲ್ಲಿ ನೆಂದ ಸ್ಟಿಕ್ ಅನ್ನು ಒಲೆಯ ಬಳಿ ನಿಲ್ಲಿಸಿ ಒಣಗಿಸುವ ಅಭ್ಯಾಸ ಹಲವು ಮನೆಗಳಲ್ಲಿದೆ. ಶಾಖಕ್ಕೆ ಹೊರಮೈ ಬೇಗ ಒಣಗಿ ಬಿರಿಯುತ್ತದೆ. ಬಟ್ಟೆಯಿಂದ ಒರೆಸಿ, ಗಾಳಿಯಾಡುವೆಡೆ ಮಲಗಿಸಿಟ್ಟರೆ ಸಾಕು. ಬೂಸ್ಟು ಹಿಡಿದ ಗ್ರಿಪ್ ಅನ್ನು ಮಾತ್ರ ಬಿಚ್ಚಿ ಎಸೆಯಿರಿ.

ಕೊನೆಯದಾಗಿ, ಅಜ್ಜನ ಹಳೆಯ ಸ್ಟಿಕ್‌ನ ಹಿಡಿಯನ್ನು ಮೇಲಿನಿಂದ ನಾಲ್ಕಂಗುಲ ಕತ್ತರಿಸಿ ಮೊಮ್ಮಗನಿಗೆ ಕೊಡಬಹುದೇ ಎಂದು ಕೇಳುವವರಿದ್ದಾರೆ. ಮನೆಯಂಗಳದ ಆಟಕ್ಕೆ ಧಾರಾಳವಾಗಿ ಕೊಡಬಹುದು. ಆದರೆ ಉದ್ದ ಕಡಿಮೆಯಾದರೂ ತಲೆಯ ತೂಕ ವಯಸ್ಕರದೇ ಆಗಿ ಉಳಿಯುವುದರಿಂದ, ತರಬೇತಿ ಶಿಬಿರಕ್ಕೆ ಹೋಗುವ ಮಗುವಿಗೆ ಅದರ ಅಳತೆಯದೇ ಬೇರೊಂದು ಸ್ಟಿಕ್ ಬೇಕು.